‘ರೀಕ್ಯಾಲ್ಕ್ಯುಲೇಟ್’ ಅನ್ನು ಕರೆಯುತ್ತಿರುವವರು ಯಾರು: ಒಂದು ಪ್ರಕರಣ ಅಧ್ಯಯನ

ಪ್ರಿವ್ಯೂ ಪರದೆ ತೆರೆದರೆ ಸಾಕು, ಇನ್‌ವಾಯ್ಸ್‌ನ ಮೊತ್ತ ಡೇಟಾಬೇಸಿನಲ್ಲೇ ಬದಲಾಗುತ್ತಿತ್ತು. ಬಳಕೆದಾರರು ರಿಯಾಯಿತಿಯನ್ನು ಸುಮ್ಮನೆ ಬದಲಿಸಿ ನೋಡಿ, ಸೇವ್ ಒತ್ತದೆ ಹೊರಬಂದರೂ ಹೊಸ ಮೊತ್ತ ಉಳಿದುಬಿಡುತ್ತಿತ್ತು. ಕಾರಣ ಬೇಗ ಸಿಕ್ಕಿತು. ‘ಇನ್‌ವಾಯ್ಸ್‌ಸರ್ವೀಸ್‌ಇಂಪ್ಲ್’ ಎಂಬ ಜಾವಾ ಕ್ಲಾಸಿನಲ್ಲಿ ‘ರೀಕ್ಯಾಲ್ಕ್ಯುಲೇಟ್’ ಎಂಬ ಮೆಥಡ್ (ಬೇರೆ ಕೋಡ್ ಹೆಸರಿನಿಂದ ಕರೆದು ಓಡಿಸುವ ಕೋಡಿನ ತುಣುಕು) ಇತ್ತು. ಹೆಸರು ಲೆಕ್ಕ ಮಾಡುವುದನ್ನಷ್ಟೇ ಹೇಳುತ್ತದೆ, ಆದರೆ ಒಳಗಿನ ಕೊನೆಯ ಸಾಲು ಇನ್‌ವಾಯ್ಸನ್ನು ಸೇವ್ ಕೂಡ ಮಾಡುತ್ತಿತ್ತು.

ಆ ಒಂದು ಸಾಲನ್ನು ಅಳಿಸಿದರೆ ಪ್ರಿವ್ಯೂ ಸರಿಯಾದೀತು ಎಂದು ಮೊದಲ ನೋಟಕ್ಕೆ ಅನಿಸಿತು. ಆದರೆ ವರ್ಷಗಳಿಂದ ಬೆಳೆದ ಕೋಡ್ ಅದು. ಅದೇ ಸಾಲನ್ನು ನಂಬಿಕೊಂಡು, ತಾವು ಬೇರೆ ಸೇವ್ ಮಾಡದೆ ಇರುವ ಜಾಗಗಳು ಎಷ್ಟಿವೆಯೋ ಯಾರಿಗೂ ಗೊತ್ತಿರಲಿಲ್ಲ. ಅಂಥ ಜಾಗದಲ್ಲಿ ಸೇವ್ ತಪ್ಪಿದರೆ ಎರರ್ ಬರುವುದಿಲ್ಲ, ಲಾಗ್‌ನಲ್ಲಿ ಕೆಂಪು ಸಾಲು ಕಾಣುವುದಿಲ್ಲ. ಮೊತ್ತ ಹಳೆಯದೇ ಉಳಿಯುತ್ತದೆ, ಅಷ್ಟೆ. ಹಾಗಾಗಿ ಬದಲಾವಣೆಗೆ ಕೈ ಹಾಕುವ ಮೊದಲು ಈ ಮೆಥಡ್ ಎಲ್ಲೆಲ್ಲಿಂದ ಕರೆಯಲ್ಪಡುತ್ತದೆ ಎಂಬ ಪೂರ್ತಿ ಪಟ್ಟಿ ಬೇಕಿತ್ತು. ಎಡಿಟರಿನಲ್ಲಿ ಎರಡು ಕೀ ಒತ್ತಿದರೆ ಬರುವ ಪಟ್ಟಿ ಅದು ಎಂದುಕೊಂಡಿದ್ದೆವು. ಪೂರ್ತಿಯಾಗಲು ಒಂದು ತಿಂಗಳ ಮೇಲಾಯಿತು.

ಎರಡೇ ಕರೆ, ಎರಡೂ ಟೆಸ್ಟಿನವು

ತಂಡಕ್ಕೆ ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರು ಮೊದಲ ಹುಡುಕಾಟ ಮಾಡಿದರು. ಅರ್ಧ ಗಂಟೆಯಲ್ಲಿ ಬಂದು, “ಇದನ್ನ ಎರಡೇ ಕಡೆ ಕರೀತಿರೋದು, ಎರಡೂ ಟೆಸ್ಟ್ ಫೈಲು. ಪ್ರೊಡಕ್ಷನ್ ಕೋಡಲ್ಲಿ ಯಾರೂ ಬಳಸ್ತಾನೇ ಇಲ್ಲ,” ಅಂದರು.

“ಪ್ರಿವ್ಯೂ ಪರದೆ ಕರೀತಿದೆಯಲ್ಲ, ಅದು ನಿಮ್ಮ ಪಟ್ಟಿಯಲ್ಲಿ ಇದೆಯಾ ನೋಡಿ,” ಅಂದೆ. ಇರಲಿಲ್ಲ.

ಅವರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಂಟೆಲಿಜೇ ಐಡಿಯಾ ಎಂಬ ಕೋಡ್ ಎಡಿಟರಿನಲ್ಲಿ ಮೆಥಡ್‌ನ ಹೆಸರಿನ ಮೇಲೆ ಕರ್ಸರ್ ಇಟ್ಟು ಆಲ್ಟ್ + ಎಫ್7 ಒತ್ತಿದ್ದರು, ಅಂದರೆ ‘ಫೈಂಡ್ ಯೂಸೇಜಸ್’. ಕರ್ಸರ್ ಇದ್ದದ್ದು ಇಂಪ್ಲ್ ಕ್ಲಾಸಿನ ಮೆಥಡ್ ಮೇಲೆ. ಅದು ‘ಇನ್‌ವಾಯ್ಸ್‌ಸರ್ವೀಸ್’ ಎಂಬ ಇಂಟರ್‌ಫೇಸಿನ (ಯಾವ ಮೆಥಡ್‌ಗಳಿವೆ ಎಂದಷ್ಟೇ ಹೇಳುವ ಘೋಷಣೆ) ಮೆಥಡ್‌ಗೆ ಕೊಟ್ಟ ಜಾರಿ ರೂಪ. ಮೂಲ ಮೆಥಡ್‌ನ ಬಳಕೆಗಳನ್ನೂ ಸೇರಿಸಬೇಕೇ ಎಂದು ಎಡಿಟರ್ ಕೇಳಿದಾಗ, ತಮಗೆ ಬೇಕಿರುವುದು ಈ ಕ್ಲಾಸಿನದು ಮಾತ್ರ ಎಂದುಕೊಂಡು ಬೇಡ ಎಂದಿದ್ದರು. ಕೆಲವು ಆವೃತ್ತಿಗಳಲ್ಲಿ ಇದು ಪ್ರಶ್ನೆಯಾಗಿ ಬರುವುದಿಲ್ಲ, ಹುಡುಕಾಟದ ಸೆಟ್ಟಿಂಗ್‌ನಲ್ಲಿ ಗುರುತು ಹಾಕುವ ಚೌಕವಾಗಿರುತ್ತದೆ. ಆಗ ಇನ್ನೂ ಸುಲಭವಾಗಿ ಕಣ್ಣು ತಪ್ಪುತ್ತದೆ.

ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್ ಬಳಸುವ ಕೋಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಕ್ಲಾಸುಗಳೂ ಇಂಟರ್‌ಫೇಸನ್ನೇ ಹಿಡಿದಿರುತ್ತವೆ. ಪರದೆಯ ಕೋರಿಕೆಗಳನ್ನು ಪಡೆಯುವ ಕಂಟ್ರೋಲರಿನಲ್ಲಿರುವ ವೇರಿಯಬಲ್‌ನ ಟೈಪ್ ‘ಇನ್‌ವಾಯ್ಸ್‌ಸರ್ವೀಸ್’. ಓಡುವ ಹೊತ್ತಿಗೆ ಅದರ ಹಿಂದೆ ಇಂಪ್ಲ್ ಬಂದು ಕೂರುತ್ತದೆ, ಆದರೆ ಸೋರ್ಸ್‌ನಲ್ಲಿ ಬರೆದ ಕರೆ ಇಂಟರ್‌ಫೇಸಿನ ಮೆಥಡ್‌ಗೇ ಸೇರಿದ್ದು. ಇಂಪ್ಲ್ ಅನ್ನು ಹೆಸರಿಟ್ಟು ನೇರವಾಗಿ ಸೃಷ್ಟಿಸಿದ್ದು ಎರಡು ಟೆಸ್ಟುಗಳು ಮಾತ್ರ, ಪಟ್ಟಿಯಲ್ಲಿ ಅವೇ ಬಂದವು.

ಈ ಘಟನೆಯಿಂದ ಒಂದು ರೂಢಿ ನಮ್ಮಲ್ಲಿ ಬೇರೂರಿತು. ಹುಡುಕುವ ಮೊದಲೇ ನಮಗೆ ಖಚಿತವಾಗಿ ಗೊತ್ತಿರುವ ಒಂದು ಕರೆಯನ್ನು ಬರೆದಿಟ್ಟುಕೊಳ್ಳುತ್ತೇವೆ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಆ ಪಟ್ಟಿಯನ್ನು ಮುಂದೆ ಓದುವುದಿಲ್ಲ, ಹುಡುಕಾಟವನ್ನೇ ಸರಿಪಡಿಸುತ್ತೇವೆ.

ಮೂಲ ಮೆಥಡ್ ಸೇರಿಸಿ ಮತ್ತೆ ಹುಡುಕಿದಾಗ 17 ಜಾಗ ಸಿಕ್ಕವು: ಪ್ರೊಡಕ್ಷನ್ ಕೋಡಿನಲ್ಲಿ 11, ಟೆಸ್ಟುಗಳಲ್ಲಿ 6. ಅದೇ ಹೊತ್ತಿಗೆ ಇನ್ನೊಬ್ಬರು ವಿಷುವಲ್ ಸ್ಟುಡಿಯೋ ಕೋಡ್‌ನಲ್ಲಿ ಶಿಫ್ಟ್ + ಆಲ್ಟ್ + ಎಫ್12 ಒತ್ತಿ ‘ಫೈಂಡ್ ಆಲ್ ರೆಫರೆನ್ಸಸ್’ ನೋಡಿದರು, ಅವರಿಗೆ ಬಂದದ್ದು 9. ಬ್ರಾಂಚ್ (ಕೋಡಿನ ಸಮಾನಾಂತರ ಆವೃತ್ತಿ) ಬದಲಿಸಿದ ಕೂಡಲೇ ಹುಡುಕಿದ್ದರು, ಪರದೆಯ ಕೆಳಗಿನ ಸ್ಟೇಟಸ್ ಪಟ್ಟಿಯಲ್ಲಿ ಜಾವಾ ಪ್ರಾಜೆಕ್ಟ್ ಇನ್ನೂ ಲೋಡ್ ಆಗುತ್ತಿತ್ತು. ಅದು ಮುಗಿದ ಮೇಲೆ ಅವರದೂ 17 ಆಯಿತು. ಹುಡುಕಲೆಂದು ಎಡಿಟರ್ ಕಟ್ಟಿಕೊಳ್ಳುವ ಇಂಡೆಕ್ಸ್ ತಯಾರಾಗದೆ ಇದ್ದಾಗ, ಅಥವಾ ಯಾವುದಾದರೂ ಮಾಡ್ಯೂಲ್ ಸರಿಯಾಗಿ ಇಂಪೋರ್ಟ್ ಆಗದೆ ಇದ್ದಾಗ ಬರುವ ಉತ್ತರ ನೋಡಲು ಪೂರ್ಣವಾಗಿಯೇ ಕಾಣುತ್ತದೆ. ಎಣಿಕೆಯ ಪಕ್ಕದಲ್ಲಿ “ಇನ್ನೂ ಬಾಕಿ ಇದೆ” ಎಂದು ಬರೆದಿರುವುದಿಲ್ಲ.

ಎಡಿಟರ್ ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದಿದ್ದರೆ ಇದು ಅಚ್ಚರಿ ಅನಿಸುವುದಿಲ್ಲ. ವಿಷುವಲ್ ಸ್ಟುಡಿಯೋ ಕೋಡ್‌ಗೆ ತಾನಾಗಿ ಜಾವಾ ಬರುವುದಿಲ್ಲ. ಮೈಕ್ರೋಸಾಫ್ಟ್ 2016ರಲ್ಲಿ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಪ್ರಕಾರ ಅದು ಬೇರೊಂದು ಪ್ರೋಗ್ರಾಮಿಗೆ ಫೈಲಿನ ವಿಳಾಸ, ಸಾಲು, ಅಕ್ಷರದ ಸ್ಥಾನ ಇಷ್ಟನ್ನೇ ಕಳಿಸಿ “ಇಲ್ಲಿರುವ ಹೆಸರಿಗೆ ಉಲ್ಲೇಖಗಳು ಎಲ್ಲಿವೆ” ಎಂದು ಕೇಳುತ್ತದೆ. ಆ ಸರ್ವರ್‌ಗೆ ಆ ಗಳಿಗೆಯಲ್ಲಿ ಎಷ್ಟು ಕೋಡ್ ಗೊತ್ತಿದೆಯೋ ಅಷ್ಟಕ್ಕೆ ಉತ್ತರ. ಕರ್ಸರ್ ಯಾವ ಹೆಸರಿನ ಮೇಲಿದೆ ಎಂಬುದೂ ಅದಕ್ಕೇ ಅಷ್ಟು ಮುಖ್ಯ.

ಪಠ್ಯ ಹುಡುಕಾಟದ 96 ಸಾಲು

ಇಡೀ ಪ್ರಾಜೆಕ್ಟಿನಲ್ಲಿ ‘ರೀಕ್ಯಾಲ್ಕ್ಯುಲೇಟ್’ ಎಂಬ ಪದವನ್ನು ಪಠ್ಯವಾಗಿ ಹುಡುಕಿದಾಗ 96 ಸಾಲು ಬಂದವು. ಕಾರ್ಟ್‌ಗೂ ದಾಸ್ತಾನಿಗೂ ಅದೇ ಹೆಸರಿನ ಬೇರೆ ಮೆಥಡ್‌ಗಳಿದ್ದವು, ಬ್ರೌಸರ್ ಕಡೆಯ ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ಹೆಸರಿನ ಫಂಕ್ಷನ್ ಇತ್ತು, ಉಳಿದವು ಕಾಮೆಂಟು ಮತ್ತು ಲಾಗ್ ಸಂದೇಶಗಳು. ಇಂಥ ರಾಶಿಯನ್ನು ನೋಡಿದ ಮೇಲೆ ಪಠ್ಯ ಹುಡುಕಾಟವನ್ನು ಹಳೆಯ ಕಾಲದ ಸಾಧನವೆಂದು ಬದಿಗಿಡುವವರಿದ್ದಾರೆ. ನಾನು ಹಾಗೆ ಎಣಿಸುವುದಿಲ್ಲ. ಕೋಡಿನ ಅರ್ಥ ತಿಳಿದ ಹುಡುಕಾಟಕ್ಕೆ ಜಾವಾ ಫೈಲುಗಳು ಕಾಣುತ್ತವೆ, ಪಠ್ಯ ಹುಡುಕಾಟಕ್ಕೆ ಎಲ್ಲ ಫೈಲುಗಳೂ ಕಾಣುತ್ತವೆ. ಮುಂದೆ ನಮ್ಮನ್ನು ದೊಡ್ಡ ತಪ್ಪಿನಿಂದ ಉಳಿಸಿದ್ದು ಎರಡನೆಯದು.

ರಾಶಿ ಚಿಕ್ಕದಾಗಲಿ ಎಂದು ಹೆಸರಿನ ಕೊನೆಗೆ ತೆರೆಯುವ ಆವರಣ ಚಿಹ್ನೆ ಸೇರಿಸಿ ಹುಡುಕುವ ಅಭ್ಯಾಸ ಹಲವರಿಗಿದೆ, ನನಗೂ ಇತ್ತು. ಹಾಗೆ ಹುಡುಕಿದ್ದರೆ ಒಂದು ಕರೆ ಕೈತಪ್ಪುತ್ತಿತ್ತು. ಫೈಲ್ ಇಂಪೋರ್ಟ್ ಮಾಡುವ ಕ್ಲಾಸಿನಲ್ಲಿ ಇನ್‌ವಾಯ್ಸ್‌ಗಳ ಪಟ್ಟಿಯ ಮೇಲೆ ‘ಫಾರ್‌ಈಚ್’ ಹಾಕಿ, ಎರಡು ಜೋಡಿ ಚುಕ್ಕಿಗಳ ನಂತರ ಮೆಥಡ್‌ನ ಹೆಸರನ್ನಷ್ಟೇ ಕೊಟ್ಟಿದ್ದರು. ಜಾವಾ 8ರಿಂದ ಬಂದ ಮೆಥಡ್ ರೆಫರೆನ್ಸ್ ಅದು. ಹೆಸರಿನ ಮುಂದೆ ತೆರೆಯುವ ಆವರಣ ಚಿಹ್ನೆ ಇರುವುದೇ ಇಲ್ಲ. ಫೈಂಡ್ ಯೂಸೇಜಸ್ ಇದನ್ನು ಸರಿಯಾಗಿ ಹಿಡಿದಿತ್ತು.

ಈ ಮೆಥಡ್ ಒಂದು ಗೆಟ್ಟರ್ (ಬೆಲೆಯೊಂದನ್ನು ಓದಿ ಕೊಡುವ ಮೆಥಡ್) ಆಗಿದ್ದರೆ ಕೆಲಸ ಇನ್ನೂ ಕಷ್ಟವಾಗುತ್ತಿತ್ತು. ‘ಗೆಟ್‌ಟೋಟಲ್’ ಎಂಬ ಮೆಥಡ್ ಅನ್ನು ಜೆಎಸ್‌ಪಿ ಪುಟ ‘ಇನ್‌ವಾಯ್ಸ್ ಡಾಟ್ ಟೋಟಲ್’ ಎಂದು ಬರೆದು ಕರೆಯುತ್ತದೆ. ಜ್ಯಾಕ್ಸನ್ ಲೈಬ್ರರಿ ವಸ್ತುವನ್ನು ಜೇಸನ್ ಮಾಡುವಾಗ ಯಾರೂ ಏನೂ ಬರೆಯದೆಯೇ ಕರೆಯುತ್ತದೆ. ಪೂರ್ತಿ ಹೆಸರನ್ನು ಹುಡುಕಿದರೆ ಎರಡೂ ಸಿಗುವುದಿಲ್ಲ.

ಸಾಲು ಸಾಲದು, ದಾರಿ ಬೇಕು

ಈಗ 11 ಜಾಗ ಕೈಯಲ್ಲಿದ್ದವು. ಸೇವ್ ಸಾಲು ತೆಗೆದರೆ ಇವುಗಳಲ್ಲಿ ಯಾವುದಕ್ಕೆ ಏಟು ಬೀಳುತ್ತದೆ ಎಂಬುದಕ್ಕೆ ಆ ಸಾಲನ್ನಷ್ಟೇ ನೋಡಿದರೆ ಉತ್ತರ ಸಿಗದು. ಜಾವಾ ವಸ್ತುಗಳನ್ನು ಡೇಟಾಬೇಸಿಗೆ ಜೋಡಿಸಲು ನಾವು ಬಳಸುತ್ತಿದ್ದದ್ದು ಹೈಬರ್ನೇಟ್. ಟ್ರಾನ್ಸಾಕ್ಷನ್‌ನ (ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಡೇಟಾಬೇಸ್ ಕೆಲಸಗಳ ಗುಂಪು) ಒಳಗೆ ಲೋಡ್ ಮಾಡಿದ ಎಂಟಿಟಿಯಲ್ಲಿ (ಡೇಟಾಬೇಸಿನ ಸಾಲಿಗೆ ಹೊಂದುವ ವಸ್ತು) ಏನಾದರೂ ಬದಲಾದರೆ, ಕಮಿಟ್ ಆಗುವಾಗ ಹೈಬರ್ನೇಟ್ ಅದನ್ನು ತಾನೇ ಗಮನಿಸಿ ಡೇಟಾಬೇಸಿಗೆ ಬರೆಯುತ್ತದೆ, ಸೇವ್ ಎಂದು ಕರೆಯುವ ಅಗತ್ಯವೇ ಇಲ್ಲ. ಟ್ರಾನ್ಸಾಕ್ಷನ್‌ನ ಹೊರಗಿದ್ದರೆ ಸೇವ್ ಕರೆಯದೆ ಏನೂ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಕರೆಗೂ ಕೇಳಬೇಕಾದದ್ದು ಇಷ್ಟು: ಇಲ್ಲಿಂದ ಮೇಲಕ್ಕೆ ಹೋಗುವ ದಾರಿಯಲ್ಲಿ ಎಲ್ಲಾದರೂ ಟ್ರಾನ್ಸಾಕ್ಷನ್ ಶುರುವಾಗಿದೆಯೇ?

ಇದಕ್ಕೆ ಬೇಕಾದ ಸಾಧನ ‘ಕಾಲ್ ಹೈರಾರ್ಕಿ’. ಇಂಟೆಲಿಜೇಯಲ್ಲೂ ಎಕ್ಲಿಪ್ಸಿನಲ್ಲೂ ಕಂಟ್ರೋಲ್ + ಆಲ್ಟ್ + ಎಚ್, ವಿಷುವಲ್ ಸ್ಟುಡಿಯೋ ಕೋಡ್‌ನಲ್ಲಿ ಶಿಫ್ಟ್ + ಆಲ್ಟ್ + ಎಚ್. ಫೈಂಡ್ ಯೂಸೇಜಸ್ ಒಂದು ಮೆಟ್ಟಿಲನ್ನು ತೋರಿಸಿದರೆ ಇದು ಮರವನ್ನೇ ತೋರಿಸುತ್ತದೆ: ಮೆಥಡ್ ಅನ್ನು ಕರೆಯುವವರು, ಅವರನ್ನು ಕರೆಯುವವರು, ಹೀಗೆ ಬುಡದವರೆಗೆ. ಒಂದು ಮಧ್ಯಾಹ್ನವಿಡೀ ಈ ಮರವನ್ನು ಕೊಂಬೆಕೊಂಬೆಯಾಗಿ ಬಿಡಿಸಿ, ಒಂದೊಂದು ದಾರಿಯ ಎದುರಿಗೂ ಟ್ರಾನ್ಸಾಕ್ಷನ್ ಇದೆಯೋ ಇಲ್ಲವೋ ಬರೆದುಕೊಂಡೆವು.

ಏಳು ಕರೆಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಅವುಗಳ ಎಲ್ಲ ದಾರಿಗಳೂ ಟ್ರಾನ್ಸಾಕ್ಷನ್ ಗುರುತಿರುವ ಸರ್ವೀಸ್ ಮೆಥಡ್‌ಗಳ ಮೂಲಕವೇ ಬರುತ್ತಿದ್ದವು. ಎಂಟನೆಯದು ಪ್ರಿವ್ಯೂ. ಅದನ್ನು ನೋಡುವಾಗಲೇ ನಮ್ಮ ಮೂಲ ಯೋಚನೆಯ ದೋಷ ಕಂಡಿತು: ಪ್ರಿವ್ಯೂ ಕೂಡ ಟ್ರಾನ್ಸಾಕ್ಷನ್‌ನ ಒಳಗೇ ಇತ್ತು. ಸೇವ್ ಸಾಲನ್ನು ಅಳಿಸಿದ್ದರೂ ಹೈಬರ್ನೇಟ್ ಬದಲಾದ ಮೊತ್ತವನ್ನು ಬರೆದೇಬಿಡುತ್ತಿತ್ತು! ಯಾವ ದೋಷಕ್ಕಾಗಿ ಈ ಕೆಲಸ ಹಿಡಿದಿದ್ದೆವೋ ಅದು ಹಾಗೇ ಉಳಿದು, ಬೇರೆ ಕಡೆ ಹೊಸ ದೋಷ ಹುಟ್ಟುತ್ತಿತ್ತು. ಆವತ್ತೇ ಯೋಜನೆ ಬದಲಾಯಿತು. ಲೆಕ್ಕದ ಫಲವನ್ನು ಇನ್‌ವಾಯ್ಸ್ ಮೇಲೆ ಬರೆಯದೆ ಬೇರೆ ವಸ್ತುವಾಗಿ ಹಿಂತಿರುಗಿಸುವ ಹೊಸ ಮೆಥಡ್ ಒಂದು, ಅದನ್ನು ಇನ್‌ವಾಯ್ಸಿಗೆ ಹಚ್ಚಿ ಉಳಿಸುವ ಇನ್ನೊಂದು. ಪ್ರತಿ ಕರೆಯೂ ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಿ, ಹಳೆಯದನ್ನು ಕೊನೆಗೆ ತೆಗೆಯೋಣ ಎಂದು ನಿರ್ಧರಿಸಿದೆವು.

ಉಳಿದ ಮೂರು ಕರೆಗಳಲ್ಲಿ ಮರದ ಚಿತ್ರ ಹೇಳಿದ್ದೇ ಒಂದು, ನಡೆಯುತ್ತಿದ್ದದ್ದೇ ಇನ್ನೊಂದು.

ಇಂಪೋರ್ಟ್‌ನ ದಾರಿಯಲ್ಲಿ ಮೇಲೆ ಟ್ರಾನ್ಸಾಕ್ಷನ್ ಗುರುತು ಸ್ಪಷ್ಟವಾಗಿ ಇತ್ತು. ಆದರೆ ಅದಕ್ಕೂ ನಮ್ಮ ಮೆಥಡ್‌ಗೂ ನಡುವೆ ‘ಅಸಿಂಕ್’ ಗುರುತಿನ ಮೆಥಡ್ ಒಂದಿತ್ತು. ಅಂಥ ಮೆಥಡ್ ಬೇರೆ ಥ್ರೆಡ್ಡಿನಲ್ಲಿ (ಸಮಾನಾಂತರವಾಗಿ ಸಾಗುವ ಇನ್ನೊಂದು ಓಟ) ಓಡುತ್ತದೆ, ಸ್ಪ್ರಿಂಗ್‌ನ ಟ್ರಾನ್ಸಾಕ್ಷನ್ ಥ್ರೆಡ್ಡಿಗೆ ಅಂಟಿಕೊಂಡಿರುವುದರಿಂದ ಅಲ್ಲಿಗೆ ದಾಟುವುದಿಲ್ಲ. ಕಾಲ್ ಹೈರಾರ್ಕಿ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ ತೋರಿಸುತ್ತದೆ, ನಡುವೆ ದಾರ ಕಡಿದಿರುವುದು ಅದಕ್ಕೆ ತಿಳಿಯದು.

ಇನ್ನೊಂದು ಇನ್ನೂ ಸೂಕ್ಷ್ಮ. ‘ಫೈನಲೈಸ್‌ಒನ್’ ಎಂಬ ಮೆಥಡ್‌ಗೆ ಟ್ರಾನ್ಸಾಕ್ಷನ್ ಗುರುತಿತ್ತು, ಅದರ ಒಳಗಿಂದ ನಮ್ಮ ಮೆಥಡ್‌ಗೆ ಕರೆ ಇತ್ತು. ಅದನ್ನು ಕರೆಯುವವರು ಇಬ್ಬರು: ಹೊರಗಿನ ಒಂದು ಕಂಟ್ರೋಲರ್, ಮತ್ತು ಅದೇ ಕ್ಲಾಸಿನ ‘ಫೈನಲೈಸ್‌ಆಲ್’. ಸ್ಪ್ರಿಂಗ್ ಸಾಮಾನ್ಯವಾಗಿ ಟ್ರಾನ್ಸಾಕ್ಷನ್ ತೆರೆಯುವುದು ಕ್ಲಾಸಿನ ಸುತ್ತ ಕಟ್ಟಿದ ಪ್ರಾಕ್ಸಿ ಎಂಬ ಮಧ್ಯವರ್ತಿಯ ಮೂಲಕ. ಹೊರಗಿನಿಂದ ಬಂದ ಕರೆ ಪ್ರಾಕ್ಸಿ ದಾಟಿ ಬರುತ್ತದೆ. ಅದೇ ಕ್ಲಾಸಿನ ಒಂದು ಮೆಥಡ್ ಇನ್ನೊಂದನ್ನು ಕರೆದಾಗ ಪ್ರಾಕ್ಸಿಯ ಗೊಡವೆಯೇ ಇರುವುದಿಲ್ಲ, ಗುರುತು ಇದ್ದೂ ಕೆಲಸಕ್ಕೆ ಬರುವುದಿಲ್ಲ. ಅಂದರೆ ಕೋಡಿನಲ್ಲಿರುವುದು ಒಂದೇ ಸಾಲು, ಒಂದು ದಾರಿಯಲ್ಲಿ ಬಂದರೆ ಸುರಕ್ಷಿತ, ಇನ್ನೊಂದರಲ್ಲಿ ಬಂದರೆ ಸೇವ್ ಇಲ್ಲದೆ ಗತಿಯಿಲ್ಲ. ಕರೆಯ ಜಾಗಗಳನ್ನು ಎಣಿಸುತ್ತಾ ಹೋಗಿದ್ದರೆ ಇದು ಎಂದೂ ಸಿಗುತ್ತಿರಲಿಲ್ಲ.

ಕೊನೆಯದು ‘ರಿಫ್ರೆಶ್‌ಟೋಟಲ್ಸ್’. ಅದರ ಒಳಗಿಂದ ನಮ್ಮ ಮೆಥಡ್‌ಗೆ ಕರೆ ಇತ್ತು, ಆದರೆ ಅದನ್ನು ಕರೆಯುವವರು ಮರದಲ್ಲಿ ಯಾರೂ ಇರಲಿಲ್ಲ. ಎಡಿಟರ್ ಅದರ ಹೆಸರನ್ನು ಬೂದು ಬಣ್ಣದಲ್ಲಿ ತೋರಿಸುತ್ತಿತ್ತು, ಅಂದರೆ ಬಳಕೆಯಲ್ಲಿಲ್ಲ ಎಂಬ ಸೂಚನೆ. ಪಠ್ಯ ಹುಡುಕಿದರೂ ಬಂದದ್ದು ಅದರ ಘೋಷಣೆ ಮಾತ್ರ. ಅಳಿಸಿಬಿಡೋಣ ಎಂಬ ಮಾತು ಬಂತು. ನನಗೆ ಒಪ್ಪಿಗೆಯಾಗಲಿಲ್ಲ. ಮರದ ತುದಿಯಲ್ಲಿ ಕಂಟ್ರೋಲರ್ ಇದ್ದರೆ, ಮೆಸೇಜ್ ಕೇಳುವ ಮೆಥಡ್ ಇದ್ದರೆ, ಅಲ್ಲಿಗೆ ಹೊರಗಿನಿಂದ ಯಾರು ಬರುತ್ತಾರೆ ಎಂದು ತಿಳಿದಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಯಾರೋ ಉದ್ದೇಶವಿಟ್ಟು ಪಬ್ಲಿಕ್ ಮಾಡಿ ಬರೆದ, ಲೂಪ್ ಇರುವ, ಅಚ್ಚುಕಟ್ಟಾದ ಮೆಥಡ್ ಅದು.

ಹುಡುಕಾಟದ ಸೆಟ್ಟಿಂಗ್ ತೆರೆದಾಗ ಗುಟ್ಟು ತಿಳಿಯಿತು. ಬೇರೆ ಬೇರೆ ಸರ್ವರ್‌ಗಳಿಗೆ ಬೇಕಾದ ಕಾನ್ಫಿಗರೇಷನ್ ಫೈಲುಗಳು ಒಂದು ಫೋಲ್ಡರಿನಲ್ಲಿದ್ದವು. ಅವುಗಳ ಪ್ರತಿಗಳು ಹುಡುಕಾಟದಲ್ಲಿ ಪದೇ ಪದೇ ಬಂದು ತೊಂದರೆಯಾಗುತ್ತದೆಂದು ಯಾರೋ ಆ ಫೋಲ್ಡರನ್ನು ಹೊರಗಿಟ್ಟಿದ್ದರು. ವಿಷುವಲ್ ಸ್ಟುಡಿಯೋ ಕೋಡ್‌ನ ಹುಡುಕಾಟ ಹೀಗೆ ಹೊರಗಿಟ್ಟ ಫೋಲ್ಡರುಗಳನ್ನು, ಗಿಟ್ ಕಡೆಗಣಿಸುವ ಫೈಲುಗಳನ್ನು ತಾನಾಗಿ ಬಿಟ್ಟುಬಿಡುತ್ತದೆ. ಆ ತಡೆ ತೆಗೆದು ಮತ್ತೆ ಹುಡುಕಿದಾಗ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ‘ಟಾರ್ಗೆಟ್‌ಮೆಥಡ್’ ಎಂಬುದರ ಬೆಲೆಯಾಗಿ ‘ರಿಫ್ರೆಶ್‌ಟೋಟಲ್ಸ್’ ಕೂತಿತ್ತು. ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುವ ಕ್ವಾರ್ಟ್ಜ್ ಷೆಡ್ಯೂಲರ್ ಪ್ರತಿ ರಾತ್ರಿ ಅದನ್ನು ಓಡಿಸುತ್ತಿತ್ತು, ಟ್ರಾನ್ಸಾಕ್ಷನ್ ಇಲ್ಲದೆ, ಸೇವ್ ಸಾಲನ್ನೇ ಪೂರ್ತಿ ನಂಬಿ. ಬೂದು ಬಣ್ಣ ನೋಡಿ ಅಳಿಸಿದ್ದರೆ ಆ ರಾತ್ರಿಯಿಂದಲೇ ಮೊತ್ತಗಳ ಪರಿಷ್ಕರಣೆ ನಿಲ್ಲುತ್ತಿತ್ತು.

ಅದನ್ನು ಕೈಯಾರೆ ಓಡಿಸಿ ಖಚಿತಪಡಿಸಿಕೊಂಡೆವು. ನಮ್ಮ ಮೆಥಡ್ ಮೇಲೆ ಬ್ರೇಕ್‌ಪಾಯಿಂಟ್ ಇಟ್ಟು, ಅದು ಓಟವನ್ನು ನಿಲ್ಲಿಸದೆ ಸ್ಟ್ಯಾಕ್ ಟ್ರೇಸ್ (ಯಾವ ಮೆಥಡ್ ಯಾವುದನ್ನು ಕರೆದು ಇಲ್ಲಿಗೆ ಬಂತು ಎಂಬ ಪಟ್ಟಿ) ಮಾತ್ರ ಬರೆಯುವಂತೆ ಹೊಂದಿಸಿದೆವು. ಟ್ರೇಸ್‌ನಲ್ಲಿ ಕ್ವಾರ್ಟ್ಜ್‌ನ ಥ್ರೆಡ್ಡಿನಿಂದ ನಮ್ಮವರೆಗಿನ ದಾರಿ ಸಾಲಾಗಿ ಕಂಡಿತು, ನಡುವೆ ಎಲ್ಲೂ ಟ್ರಾನ್ಸಾಕ್ಷನ್‌ನ ಸಾಲಿರಲಿಲ್ಲ.

ಎಡಿಟರಿಗೆ ಕಾಣದ ಎರಡು

ಈ ಸರ್ವೀಸ್‌ನ ಜಾರ್ ಫೈಲನ್ನು (ಕಂಪೈಲ್ ಆದ ಜಾವಾ ಕೋಡಿನ ಕಟ್ಟು) ವರದಿ ತಯಾರಿಸುವ ಬೇರೊಂದು ಅಪ್ಲಿಕೇಷನ್ ಕೂಡ ಬಳಸುತ್ತಿತ್ತು. ಅದರ ಕೋಡ್ ಬೇರೆ ರೆಪಾಸಿಟರಿಯಲ್ಲಿ (ಕೋಡ್ ಭಂಡಾರ) ಇದ್ದದ್ದರಿಂದ ನಮ್ಮ ಎಡಿಟರಿನ ಇಂಡೆಕ್ಸಿನಲ್ಲಿ ಇರಲಿಲ್ಲ. ಎರಡನ್ನೂ ಒಂದೇ ವರ್ಕ್‌ಸ್ಪೇಸಿಗೆ ಸೇರಿಸಿ ಹುಡುಕಿದಾಗ ಒಂದು ಕರೆ ಸಿಕ್ಕಿತು, ಹನ್ನೆರಡನೆಯದು. ಹಳೆಯ ಮೆಥಡ್ ತೆಗೆದ ಹೊಸ ಜಾರ್ ಅನ್ನು ಅಲ್ಲಿ ಹಾಗೇ ಇಟ್ಟಿದ್ದರೆ ಕಂಪೈಲ್ ಹಂತದಲ್ಲಿ ಏನೂ ತಿಳಿಯದೆ, ಆ ವರದಿ ಓಡಿದ ದಿನ ‘ನೋ ಸಚ್ ಮೆಥಡ್’ ಎರರ್ ಬರುತ್ತಿತ್ತು.

ಇಷ್ಟಾದ ಮೇಲೆ ಒಂದು ಪ್ರತ್ಯೇಕ ಬ್ರಾಂಚ್‌ನಲ್ಲಿ ಮೆಥಡ್‌ನ ಹೆಸರನ್ನು ಘೋಷಣೆಯಲ್ಲಿ ಮಾತ್ರ ಕೈಯಿಂದ ಬದಲಿಸಿ ಕಂಪೈಲ್ ಮಾಡಿದೆವು. ರೀನೇಮ್ ಸಾಧನ ಬಳಸಬಾರದು, ಅದು ಎಲ್ಲ ಕರೆಗಳನ್ನೂ ತಾನೇ ತಿದ್ದಿಬಿಡುತ್ತದೆ. ನಮಗೆ ಬೇಕಿದ್ದದ್ದು ಕಂಪೈಲರಿನ ದೂರು. ನಮ್ಮ ರೆಪಾಸಿಟರಿಯಲ್ಲಿ ದೂರು ಬಂದದ್ದು ಸರಿಯಾಗಿ ಆ 17 ಜಾಗಗಳಿಗೇ. ಆದರೂ ಇದರಲ್ಲಿ ಎಚ್ಚರ ಬೇಕು: ಹಲವು ಮಾಡ್ಯೂಲುಗಳಿದ್ದರೆ ಮೊದಲನೆಯದು ಸೋತಲ್ಲೇ ಬಿಲ್ಡ್ ನಿಲ್ಲುತ್ತದೆ, ಮತ್ತು ನಾವು ಬೇರೆ ಮಿತಿ ಹೇಳದಿದ್ದರೆ ಜಾವಾ ಕಂಪೈಲರ್ 100 ದೋಷಗಳಿಗಿಂತ ಹೆಚ್ಚು ತೋರಿಸುವುದಿಲ್ಲ.

ಕಂಪೈಲರ್ ಒಪ್ಪಿತು, ಇಂಡೆಕ್ಸ್ ಒಪ್ಪಿತು, ಕರೆಗಳೆಲ್ಲ ಹೊಸ ಮೆಥಡ್‌ಗಳಿಗೆ ತಿರುಗಿದವು. ಹಳೆಯದನ್ನು ಮಾತ್ರ ಆಗಲೇ ಅಳಿಸಲಿಲ್ಲ. ‘ಡೆಪ್ರಿಕೇಟೆಡ್’ (ಇನ್ನು ಬಳಸಬೇಡಿ) ಎಂಬ ಗುರುತು ಹಾಕಿ, ಯಾರಾದರೂ ಕರೆದರೆ ಸ್ಟ್ಯಾಕ್ ಟ್ರೇಸ್ ಸಮೇತ ಲಾಗ್ ಬರೆಯುವಂತೆ ಮಾಡಿ ಬಿಟ್ಟೆವು. ಎಂಟು ದಿನ ಲಾಗ್ ಖಾಲಿ ಇತ್ತು. ಒಂಬತ್ತನೆಯ ದಿನ ಒಂದು ನಮೂದು ಬಂತು.

ಟ್ರೇಸ್‌ನಲ್ಲಿ ನಮ್ಮ ಮೆಥಡ್‌ನ ಕೆಳಗೆ ‘ರಿಫ್ಲೆಕ್ಟ್ ಡಾಟ್ ಮೆಥಡ್ ಡಾಟ್ ಇನ್‌ವೋಕ್’ ಇತ್ತು, ಅದರ ಕೆಳಗೆ ನಿರ್ವಾಹಕರ ಪರದೆಯ ಒಂದು ಕ್ಲಾಸ್. ಆ ಪರದೆಯಲ್ಲಿ ಒತ್ತಬಹುದಾದ ಕೆಲಸಗಳ ಪಟ್ಟಿ ಕೋಡಿನಲ್ಲಿ ಇರಲಿಲ್ಲ, ಡೇಟಾಬೇಸಿನ ಒಂದು ಟೇಬಲ್‌ನಲ್ಲಿತ್ತು. ಒಂದು ಕಾಲಮ್‌ನಲ್ಲಿ ಸರ್ವೀಸ್‌ನ ಹೆಸರು, ಇನ್ನೊಂದರಲ್ಲಿ ಮೆಥಡ್‌ನ ಹೆಸರು. ಗುಂಡಿ ಒತ್ತಿದಾಗ ಆ ಹೆಸರನ್ನು ಓದಿ, ರಿಫ್ಲೆಕ್ಷನ್ ಮೂಲಕ, ಅಂದರೆ ಓಡುವ ಹೊತ್ತಿನಲ್ಲೇ ಹೆಸರಿನಿಂದ, ಮೆಥಡ್ ಹುಡುಕಿ ಓಡಿಸುತ್ತಿತ್ತು. ‘ರೀಕ್ಯಾಲ್ಕ್ಯುಲೇಟ್’ ಎಂಬ ಪದ ಆ ಕರೆಯ ಮಟ್ಟಿಗೆ ಯಾವ ಫೈಲಿನಲ್ಲೂ ಇರಲಿಲ್ಲ. ಯಾವ ಎಡಿಟರಿನ ಯಾವ ಕೀ ಒತ್ತಿದರೂ ಅದು ಸಿಗುವಂತಿರಲಿಲ್ಲ.

ಆಮೇಲೆ ಹುಡುಕುವ ದಿಕ್ಕನ್ನೇ ತಿರುಗಿಸಿದೆವು. ನಮ್ಮ ಮೆಥಡ್‌ನ ಹೆಸರಿಗೆ ಬದಲಾಗಿ, ಹೆಸರಿನಿಂದ ಮೆಥಡ್ ಹುಡುಕುವ ಬಾಗಿಲುಗಳನ್ನು ಹುಡುಕಿದೆವು: ‘ಗೆಟ್‌ಮೆಥಡ್’, ‘ಇನ್‌ವೋಕ್’, ಸ್ಪ್ರಿಂಗ್‌ನ ‘ಗೆಟ್‌ಬೀನ್’. ಇಡೀ ಕೋಡಿನಲ್ಲಿ ಇಂಥ ಜಾಗಗಳು ಮೂರೇ ಇದ್ದವು. ಎರಡಕ್ಕೆ ನಮ್ಮ ಸರ್ವೀಸ್‌ನ ಸಂಬಂಧವಿರಲಿಲ್ಲ, ಮೂರನೆಯದು ಈ ಪರದೆ. ಇದನ್ನು ಮೊದಲ ದಿನವೇ ಮಾಡಬಹುದಿತ್ತು, ಹತ್ತು ನಿಮಿಷದ ಕೆಲಸ. ಈಗ ಯಾವುದೇ ಮೆಥಡ್ ತೆಗೆಯುವ ಮಾತು ಬಂದರೂ ನಮ್ಮ ಹುಡುಕಾಟ ಶುರುವಾಗುವುದು ಈ ಮೂರು ಪದಗಳಿಂದಲೇ.

ಟೇಬಲ್‌ನ ಆ ಸಾಲಿನಲ್ಲಿ ಮೆಥಡ್‌ನ ಹೆಸರನ್ನು ಹೊಸದಕ್ಕೆ ಬದಲಿಸಿದೆವು. ತಿಂಗಳ ಕೊನೆಯಲ್ಲಿ ಮಾತ್ರ ಓಡುವ ಕೆಲಸಗಳೂ ಕೆಲವಿದ್ದುದರಿಂದ ಲಾಗ್ ಸಾಲನ್ನು ತಿಂಗಳು ಮುಗಿಯುವವರೆಗೆ ಹಾಗೇ ಇಟ್ಟೆವು. ಹೊಸ ನಮೂದು ಬರಲಿಲ್ಲ. ಮೊದಲ ದಿನ “ಎರಡೇ ಕಡೆ” ಎಂದು ಹೇಳಿದ್ದ ಸಹೋದ್ಯೋಗಿಯೇ ಹಳೆಯ ಮೆಥಡ್ ಅನ್ನು ಇಂಟರ್‌ಫೇಸಿನಿಂದಲೂ ಇಂಪ್ಲ್‌ನಿಂದಲೂ ಅಳಿಸಿದರು. ಕಂಪೈಲ್ ಸೋತದ್ದು ಎರಡೇ ಫೈಲುಗಳಲ್ಲಿ, ಅವರು ಅಂದು ತೋರಿಸಿದ್ದ ಅದೇ ಎರಡು ಟೆಸ್ಟುಗಳಲ್ಲಿ. ಹಳೆಯ ನಡವಳಿಕೆಯನ್ನು ಪರೀಕ್ಷಿಸಲೆಂದು ಅವನ್ನು ಕೊನೆಯವರೆಗೆ ಉಳಿಸಿಕೊಂಡಿದ್ದೆವು. ಅವನ್ನೂ ಹೊಸ ಮೆಥಡ್‌ಗೆ ತಕ್ಕಂತೆ ಬರೆದು, ಪ್ರಿವ್ಯೂ ತೆರೆದು ಮುಚ್ಚಿದ ಮೇಲೆ ಡೇಟಾಬೇಸಿನ ಮೊತ್ತ ಬದಲಾಗಿಲ್ಲವೆಂದು ನೋಡುವ ಇನ್ನೊಂದು ಟೆಸ್ಟ್ ಸೇರಿಸಿದರು.